ಅಮೆರಿಕದ ಎಸ್ಟೇಟ್ ಸೇಲ್‌ಗಳಲ್ಲಿ ಹಳೆಯ ಮರದ ಸಾಮಾನು ಆರಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಎಸ್ಟೇಟ್ ಎಂದೊಡನೆ ನಮಗೆ ನೆನಪಾಗುವುದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ. ಅಮೆರಿಕದಲ್ಲಿ ಆ ಪದಕ್ಕೆ ಒಬ್ಬರು ಬಿಟ್ಟುಹೋದ ಒಟ್ಟು ಆಸ್ತಿ ಎಂಬ ಅರ್ಥವಿದೆ. ಮನೆಯ ಹಿರಿಯರು ತೀರಿಕೊಂಡಾಗ, ಇಲ್ಲವೇ ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೋ ವೃದ್ಧಾಶ್ರಮಕ್ಕೋ ಹೋಗುವಾಗ, ಮನೆಯೊಳಗಿನ ಚಮಚದಿಂದ ಮಂಚದವರೆಗೆ ಎಲ್ಲಕ್ಕೂ ಬೆಲೆ ಚೀಟಿ ಅಂಟಿಸಿ, ಬಾಗಿಲು ತೆರೆದು ಮಾರುತ್ತಾರೆ. ಅದೇ ಎಸ್ಟೇಟ್ ಸೇಲ್. ನೂರು ವರ್ಷ ಹಳೆಯ ಓಕ್ ಮೇಜು ಮರದ ಪುಡಿ ಒತ್ತಿ ಮಾಡಿದ ಹೊಸ ಪಾರ್ಟಿಕಲ್ ಬೋರ್ಡ್ ಮೇಜಿನ ಬೆಲೆಗೇ ಸಿಗುವುದು ಇಲ್ಲಿ ಅಪರೂಪವಲ್ಲ. ಹೊಸದಾಗಿ ಮಾಡಿದ 'ಹಳೆಯ' ಬೀರುವನ್ನು ಮೂರು ಪಟ್ಟು ಕೊಟ್ಟು ಹೊತ್ತು ತರುವವರೂ ಇಲ್ಲಿಯೇ ಸಿಗುತ್ತಾರೆ.

ಮುಖ ನೋಡಿ ಮಣೆ ಹಾಕಬಾರದು ಎನ್ನುವ ಮಾತು ಮರದ ಸಾಮಾನಿಗೆ ಅಕ್ಷರಶಃ ಸಲ್ಲುತ್ತದೆ. ಎದುರಿನ ಭಾಗಕ್ಕೆ ಯಾರು ಬೇಕಾದರೂ ಪಾಲಿಶ್ ಹೊಡೆಯಬಹುದು. ಯಾರೂ ನೋಡುವುದಿಲ್ಲ ಎಂದು ಬಡಗಿ ಹಾಗೆಯೇ ಬಿಟ್ಟ ಹಿಂಬದಿ, ತಳ, ಡ್ರಾಯರ್‌ನ ಒಳಮೈ ಮಾತ್ರ ವಯಸ್ಸನ್ನು ಮುಚ್ಚಿಡಲಾರವು. ಹಾಗಾಗಿ ಈ ಬರಹದ ಹೆಚ್ಚಿನ ಪಾಲು ಆ ಕಾಣದ ಮೈಯನ್ನು ಓದುವ ಬಗೆಗೇ ಮೀಸಲು.

ಮೊದಲು ಒಂದು ಮಾತು. ತೀರಿಕೊಂಡವರ ಮಂಚ, ಕುರ್ಚಿ ಮನೆಗೆ ತರಬಾರದು ಎಂಬ ಅಳುಕು ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ಸಾಮಾನು ವ್ಯಾನಿನಿಂದ ಇಳಿಸುವಾಗ ಈ ಚರ್ಚೆ ಶುರುವಾಗಬಾರದು. ಹೊರಡುವ ಮೊದಲೇ ಮನೆಯವರ ಜೊತೆ ಮಾತಾಡಿಕೊಳ್ಳಿ. ಮಂಚ ಬೇಡವೆಂದಾದರೆ ಪುಸ್ತಕದ ಕಪಾಟು, ಬರೆಯುವ ಮೇಜು, ಪೆಟಾರಿಗಳೇ ಬೇಕಾದಷ್ಟಿವೆ.

ಸೇಲ್ ನಡೆಯುವ ಬಗೆ

ಹೆಚ್ಚಿನ ಸೇಲ್‌ಗಳನ್ನು ಮನೆಯವರು ನಡೆಸುವುದಿಲ್ಲ. ಇದಕ್ಕೆಂದೇ ಇರುವ ಕಂಪನಿಗಳು ಒಟ್ಟು ಮಾರಾಟದಲ್ಲಿ ಸಾಮಾನ್ಯವಾಗಿ ಶೇ. 30ರಿಂದ 50ರಷ್ಟು ಕಮಿಷನ್ ಪಡೆದು ನಡೆಸಿಕೊಡುತ್ತವೆ. ಗುರುವಾರ ಅಥವಾ ಶುಕ್ರವಾರ ಬೆಳಿಗ್ಗೆ 8 ಇಲ್ಲವೇ 9ಕ್ಕೆ ಆರಂಭ, ಶನಿವಾರ ಅಥವಾ ಭಾನುವಾರ ಮಧ್ಯಾಹ್ನ ಮುಕ್ತಾಯ. ಮೊದಲ ದಿನ ಪೂರ್ತಿ ಬೆಲೆ, ಎರಡನೆಯ ದಿನ ಶೇ. 25–30 ಇಳಿಕೆ, ಕೊನೆಯ ದಿನ ಅರ್ಧ ಬೆಲೆ. ಇದು ಸಾಮಾನ್ಯ ಕ್ರಮ. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಜಾಹೀರಾತಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಕೊನೆಯ ದಿನ ಅರ್ಧ ಬೆಲೆಗೆ ಸಿಗುತ್ತದೆ ಎಂದು ಕಾಯುವುದು ಒಂದು ಜೂಜು. ದೊಡ್ಡ ಊಟದ ಮೇಜು, ಗಾಜಿನ ಬಾಗಿಲಿನ ಪಾತ್ರೆ ಬೀರು, ಬಟ್ಟೆಯಿಡುವ ಡ್ರಾಯರುಗಳ ಭಾರದ ಡ್ರೆಸರ್‌ಗಳು ಕೊನೆಯ ದಿನದವರೆಗೂ ಉಳಿಯುವುದು ಹೆಚ್ಚು, ಯಾಕೆಂದರೆ ಇಂದಿನ ಚಿಕ್ಕ ಮನೆಗಳಲ್ಲಿ ಅವುಗಳಿಗೆ ಜಾಗವಿಲ್ಲ. ಚಿಕ್ಕ ಮೇಜು, ಒಂಟಿ ಕುರ್ಚಿ, ಹೆಸರಾಂತ ತಯಾರಕರ ಸಾಮಾನು ಮೊದಲ ಒಂದು ಗಂಟೆಯಲ್ಲೇ ವ್ಯಾಪಾರಿಗಳ ಪಾಲಾಗುತ್ತದೆ. ನಿಮಗೆ ಬೇಕಿರುವುದು ಯಾವ ಗುಂಪಿನದು ಎಂಬುದರ ಮೇಲೆ ಯಾವ ದಿನ ಹೋಗಬೇಕೆಂದು ತೀರ್ಮಾನಿಸಿ.

ಆನ್‌ಲೈನ್ ಹರಾಜಿನ ರೂಪದಲ್ಲೂ ಎಸ್ಟೇಟ್ ಸೇಲ್ ನಡೆಯುತ್ತದೆ. ಅಲ್ಲಿ ನೀವು ಕೂಗಿದ ಬೆಲೆಯ ಮೇಲೆ ಖರೀದಿದಾರರ ಶುಲ್ಕ ಎಂದು ಶೇ. 15–25 ಸೇರುತ್ತದೆ, ಅದರ ಮೇಲೆ ರಾಜ್ಯದ ಮಾರಾಟ ತೆರಿಗೆ. 200 ಡಾಲರ್‌ಗೆ ಗೆದ್ದ ಮೇಜು 250ಕ್ಕಿಂತ ಹೆಚ್ಚಾಗುವುದು ಹೀಗೆ. ಡ್ರಾಯರ್ ಎಳೆದು ನೋಡುವ ಅವಕಾಶವಿಲ್ಲದ ಹರಾಜಿನಲ್ಲಿ ದುಬಾರಿ ಸಾಮಾನು ಕೊಳ್ಳದಿರುವುದೇ ಒಳ್ಳೆಯದು. ವೀಕ್ಷಣೆಯ ದಿನ ಇಟ್ಟಿದ್ದರೆ ಹೋಗಿ ನೋಡಿ.

ವಾರದ ನಡುವೆ ಮಾಡುವ ಕೆಲಸ: ಫೋಟೊ ಓದುವುದು

ಎಸ್ಟೇಟ್‌ಸೇಲ್ಸ್ ಡಾಟ್ ನೆಟ್, ಎಸ್ಟೇಟ್‌ಸೇಲ್ಸ್ ಡಾಟ್ ಆರ್ಗ್‌ನಂಥ ತಾಣಗಳಲ್ಲಿ ನಿಮ್ಮ ಪಿನ್‌ಕೋಡ್ ಕೊಟ್ಟು ಇ-ಮೇಲ್ ಸೂಚನೆ ಬರುವಂತೆ ಮಾಡಿಕೊಳ್ಳಿ. ಮನೆಯ ಪೂರ್ತಿ ವಿಳಾಸ ಸಾಮಾನ್ಯವಾಗಿ ಒಂದು ದಿನ ಮುಂಚೆ ಮಾತ್ರ ಬಿಡುಗಡೆಯಾಗುತ್ತದೆ, ಫೋಟೊಗಳು ಕೆಲವು ದಿನ ಮೊದಲೇ ಬರುತ್ತವೆ. ಪೆನ್ಸಿಲ್ವೇನಿಯಾ, ನ್ಯೂ ಇಂಗ್ಲೆಂಡ್, ನ್ಯೂಯಾರ್ಕ್, ಓಹಾಯೊ, ಮಿಶಿಗನ್‌ನಂಥ ಹಳೆಯ ಪ್ರದೇಶಗಳ ಕಡೆ 19ನೇ ಶತಮಾನದ ಸಾಮಾನು ಸಿಗುವ ಸಾಧ್ಯತೆ ಹೆಚ್ಚು. ಮಿಶಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್ ಒಂದು ಕಾಲಕ್ಕೆ ಪೀಠೋಪಕರಣದ ರಾಜಧಾನಿಯೇ ಆಗಿತ್ತು. ಕ್ಯಾಲಿಫೋರ್ನಿಯಾ, ಟೆಕ್ಸಸ್‌ಗಳ ಹೊಸ ಬಡಾವಣೆಗಳಲ್ಲಿ ಹೆಚ್ಚಾಗಿ ಕಾಣುವುದು 1950ರ ನಂತರದ ಸಾಮಾನು.

ಫೋಟೊಗಳಲ್ಲಿ ಸಾಮಾನಿಗಿಂತ ಮೊದಲು ಮನೆಯನ್ನು ನೋಡಿ. ಮನೆಯವರು ದಶಕಗಟ್ಟಲೆ ಒಂದೇ ಕಡೆ ಬಾಳಿದ್ದರೆ ಅಡುಗೆಮನೆಯ ಪಾತ್ರೆ, ಗೋಡೆಯ ಚಿತ್ರ, ಪುಸ್ತಕಗಳಲ್ಲಿ ಅದು ಕಾಣುತ್ತದೆ. ಎಲ್ಲ ಕೋಣೆಗಳಲ್ಲೂ ಒಂದೇ ಬಗೆಯ ಹಳೆಯ ಸಾಮಾನು ಒತ್ತೊತ್ತಾಗಿ ಜೋಡಿಸಿದ್ದರೆ, ಬೇರೆಡೆಯಿಂದ ತಂದು ತುಂಬಿಸಿರುವ ಅನುಮಾನ ಪಡಬಹುದು. ನೆಲಮಾಳಿಗೆ ಮತ್ತು ಗ್ಯಾರೇಜಿನ ಫೋಟೊಗಳನ್ನು ಬಿಡಬೇಡಿ. ಮನೆಯವರು ಬೆಲೆ ತಿಳಿಯದೆ ಬಣ್ಣದ ಡಬ್ಬಿ ಇಡಲು ಬಳಸಿದ ಪೈನ್ ಮೇಜು ಅಲ್ಲೇ ಇರುತ್ತದೆ. 'ಆಂಟಿಕ್ ಸ್ಟೈಲ್' ಎಂದು ಬರೆದಿದ್ದರೆ ಅದು ಆಂಟಿಕ್ ಅಲ್ಲ ಎಂದೇ ಅರ್ಥ. ವಿಂಟೇಜ್ ಎನ್ನುವುದು ಸಡಿಲ ಪದ. ಆಂಟಿಕ್ ಎನ್ನಲು ಅಮೆರಿಕದ ಸುಂಕ ಇಲಾಖೆಯ ಲೆಕ್ಕದಲ್ಲಿ 100 ವರ್ಷ ದಾಟಿರಬೇಕು.

ಇಷ್ಟವಾದ ನಾಲ್ಕೈದು ಸಾಮಾನುಗಳ ಬೆಲೆಯನ್ನು ಆಗಲೇ ಹುಡುಕಿಡಿ. ಇಬೇಯಲ್ಲಿ 'ಸೋಲ್ಡ್' ಎಂಬ ಫಿಲ್ಟರ್ ಹಾಕಿ, ನಿಜವಾಗಿ ಮಾರಾಟವಾದ ಬೆಲೆ ನೋಡಿ. ಮಾರುವವರು ಕೇಳುವ ಬೆಲೆಗೂ ಕೈ ಬದಲಾಗುವ ಬೆಲೆಗೂ ಅಜಗಜಾಂತರ. ಕಂದು ಬಣ್ಣದ ಹಳೆಯ ಮಹೋಗನಿ, ವಾಲ್‌ನಟ್ ಸಾಮಾನಿನ ಬೆಲೆ ಕಳೆದ ಎರಡು ದಶಕಗಳಲ್ಲಿ ತೀರ ಇಳಿದಿದೆ. ಬಳಸಲೆಂದು ಕೊಳ್ಳುವವರಿಗೆ ಇದು ಸುಗ್ಗಿ, ಮಾರಲೆಂದು ಕೊಳ್ಳುವವರಿಗೆ ಎಚ್ಚರಿಕೆ.

ಮನೆಯ ಅಳತೆಗಳನ್ನೂ ಬರೆದಿಟ್ಟುಕೊಳ್ಳಿ: ಇಡಬೇಕಾದ ಗೋಡೆಯ ಉದ್ದ, ಒಳಬಾಗಿಲಿನ ತೆರಪು, ಮೆಟ್ಟಿಲಿನ ತಿರುವು, ವ್ಯಾನಿನ ಒಳಗಿನ ಉದ್ದ. ಅಮೆರಿಕದ ಒಳಬಾಗಿಲುಗಳು ಹೆಚ್ಚಾಗಿ 30 ಅಥವಾ 32 ಇಂಚು. ಬಾಗಿಲಿನ ಹಲಗೆಯ ದಪ್ಪ ಕಳೆದರೆ ಸುಮಾರು ಎರಡು ಇಂಚು ಕಡಿಮೆಯೇ ಉಳಿಯುತ್ತದೆ.

ಚೀಲದಲ್ಲಿ ಟಾರ್ಚ್, 25 ಅಡಿಯ ಟೇಪು, ಸಣ್ಣ ಅಯಸ್ಕಾಂತ, ಭೂತಗನ್ನಡಿ, ಕೈಗವಸು, ಪೆನ್ನು-ಕಾಗದ ಇರಲಿ. ಸಾಧ್ಯವಾದರೆ ಪುಟ್ಟ ಅತಿನೇರಳೆ ಟಾರ್ಚ್. ಹಣ ನಗದಾಗಿದ್ದರೆ ಒಳ್ಳೆಯದು. ಕಾರ್ಡಿಗೆ ಅನೇಕರು ಶೇ. 3ರಷ್ಟು ಸೇರಿಸುತ್ತಾರೆ. ಕಾರಿನಲ್ಲಿ ಹಳೆಯ ಕಂಬಳಿ ನಾಲ್ಕು, ಬಿಗಿಯುವ ಪಟ್ಟಿ ಎರಡು, ಒಂದು ತಿರುಪುಳಿ.

ಬಾಗಿಲು ತೆರೆದ ಮೇಲೆ

ಜನಪ್ರಿಯ ಸೇಲ್‌ಗಳಲ್ಲಿ ಬೆಳಿಗ್ಗೆ ಬೇಗ ಸಂಖ್ಯೆಯ ಚೀಟಿ ಕೊಡುತ್ತಾರೆ. ಇಲ್ಲವೇ ಮೊದಲು ಬಂದವರು ಹಾಳೆಯ ಮೇಲೆ ಹೆಸರು ಬರೆಯುವ ಪಟ್ಟಿ ಶುರು ಮಾಡಿರುತ್ತಾರೆ. ಆ ಪಟ್ಟಿಯನ್ನು ಕಂಪನಿ ಒಪ್ಪುತ್ತದೆಯೇ ಎಂದು ಜಾಹೀರಾತಿನಲ್ಲೇ ನೋಡಿಕೊಳ್ಳಿ, ಒಪ್ಪದ ಕಡೆ ಬೆಳಿಗ್ಗೆ 5ಕ್ಕೆ ಬಂದು ನಿಂತದ್ದು ವ್ಯರ್ಥ. ಒಳಗೆ ಒಮ್ಮೆಗೆ 20–30 ಜನರನ್ನಷ್ಟೇ ಬಿಡುವುದು ವಾಡಿಕೆ.

ಒಳಹೊಕ್ಕ ಕೂಡಲೇ ನೇರವಾಗಿ ನೀವು ಆರಿಸಿಟ್ಟ ಪಟ್ಟಿಯ ಮೊದಲ ಸಾಮಾನಿನ ಬಳಿ ಹೋಗಿ. ಬೆಲೆ ಚೀಟಿಯಲ್ಲಿ ಹರಿಯುವ ಭಾಗ ಇದ್ದರೆ ಅದನ್ನು ಹರಿದು ಕೈಯಲ್ಲಿಟ್ಟುಕೊಂಡರೆ ಅದು ಆ ಹೊತ್ತಿಗೆ ನಿಮ್ಮದು. ಕೆಲವು ಕಡೆ ಸಿಬ್ಬಂದಿಯನ್ನು ಕರೆದು 'ಸೋಲ್ಡ್' ಚೀಟಿ ಹಚ್ಚಿಸಬೇಕು. ಮೊದಲು ಹಿಡಿದಿಡಿ, ಆಮೇಲೆ ಪರೀಕ್ಷಿಸಿ, ಬೇಡವಾದರೆ ತಡಮಾಡದೆ ಬಿಟ್ಟುಕೊಡಿ. ಹಣ ಕೊಟ್ಟ ಮೇಲೆ ಹಿಂತಿರುಗಿಸುವ ಮಾತಿಲ್ಲ. ಇದ್ದದ್ದು ಇದ್ದ ಹಾಗೆ ಎಂಬುದು ಎಲ್ಲೆಡೆಯ ಷರತ್ತು. ಮುಚ್ಚಿದ ಕೋಣೆಗಳನ್ನು ತೆರೆಯಬೇಡಿ. ಮನೆಯ ಮಕ್ಕಳು ಅಲ್ಲೇ ಎಲ್ಲೋ ನಿಂತಿರಬಹುದು, ಅವರ ತಾಯಿಯ ಸಾಮಾನನ್ನು ಜೋರಾಗಿ ಹೀಗಳೆಯುವುದು ಸಲ್ಲದು.

ಡ್ರಾಯರ್ ಎಳೆಯಿರಿ

ಒಂದೇ ಪರೀಕ್ಷೆಗೆ ಸಮಯವಿದ್ದರೆ ಇದನ್ನು ಮಾಡಿ. ಡ್ರಾಯರನ್ನು ಪೂರ್ತಿ ಹೊರತೆಗೆದು, ಮುಂಭಾಗವೂ ಪಕ್ಕದ ಹಲಗೆಯೂ ಸೇರುವ ಮೂಲೆಗೆ ಟಾರ್ಚ್ ಹಿಡಿಯಿರಿ. ಪಾರಿವಾಳದ ಬಾಲದಂತೆ ಬಿಚ್ಚಿಕೊಂಡ ಹಲ್ಲುಗಳು ಒಂದರೊಳಗೊಂದು ಕಚ್ಚಿರುವ ಡವ್‌ಟೇಲ್ ಕೀಲು ಕಾಣುತ್ತದೆ.

ಹಲ್ಲುಗಳ ಅಗಲ ಒಂದರಂತೆ ಒಂದಿಲ್ಲ, ಬಾಲಗಳ ನಡುವಿನ ಗೂಟ ಬಲು ತೆಳು, ಹಲಗೆಯ ಮೇಲೆ ಬಡಗಿ ಅಳತೆಗೆಂದು ಗೀರಿದ ಗೆರೆ ಇನ್ನೂ ಉಳಿದಿದೆ ಎಂದಾದರೆ ಅದು ಕೈಗೆಲಸ, ಬಹುತೇಕ 1890ಕ್ಕಿಂತ ಹಿಂದಿನದು. ಎಲ್ಲ ಹಲ್ಲೂ ಅಚ್ಚಿನಲ್ಲಿ ಎರಕ ಹೊಯ್ದಂತೆ ಸಮನಾಗಿದ್ದರೆ ಯಂತ್ರದ್ದು, ಹೆಚ್ಚಾಗಿ 1890ರ ನಂತರದ್ದು. ಇವೆರಡರ ನಡುವೆ ಒಂದು ಚೆಂದದ ಕೀಲು ಬಂದು ಹೋಗಿದೆ: ಅರ್ಧಚಂದ್ರಾಕಾರ, ಅದರ ನಡುವೆ ಒಂದು ದುಂಡು ಗೂಟ. ಇದರ ಯಂತ್ರಕ್ಕೆ ವಿಸ್ಕಾನ್ಸಿನ್‌ನ ಚಾರ್ಲ್ಸ್ ನ್ಯಾಪ್ 1867ರಲ್ಲಿ ಪೇಟೆಂಟ್ ಪಡೆದ. 1870ರ ದಶಕದಿಂದ ಸುಮಾರು 1900ರವರೆಗಷ್ಟೇ ಇದು ಬಳಕೆಯಲ್ಲಿದ್ದದ್ದು. ಆದ್ದರಿಂದ ಈ ಕೀಲು ಕಂಡರೆ ಸಾಮಾನಿನ ಕಾಲ 30 ವರ್ಷದ ಚೌಕಟ್ಟಿಗೆ ಇಳಿಯಿತು. ನಕಲು ಮಾಡುವವರು ಇದರ ಗೋಜಿಗೆ ಹೋಗುವುದೂ ಕಡಿಮೆ.

ಕೈಯಿಂದ ಕೊರೆದ ಡವ್‌ಟೇಲ್ ಇದ್ದ ಮಾತ್ರಕ್ಕೆ ಹಳೆಯದು ಎಂದು ನಿಶ್ಚಯಿಸಬೇಡಿ, ಇಂದಿಗೂ ಕೈಯಲ್ಲಿ ಕೊರೆಯುವ ಬಡಗಿಗಳಿದ್ದಾರೆ. ಡ್ರಾಯರ್ ಮಗುಚಿ ತಳ ನೋಡಿ. ಹಳೆಯ ತಳ ಒಂದೆರಡು ಅಗಲ ಹಲಗೆಗಳದ್ದು. ಅಂಚನ್ನು ಉಜ್ಜುಗೊರಡಿನಲ್ಲಿ ಕೆತ್ತಿ ತೆಳ್ಳಗೆ ಮಾಡಿ ಪಕ್ಕದ ಹಲಗೆಯಲ್ಲಿ ಕೊರೆದ ತೋಡಿನೊಳಗೆ ತೂರಿಸಿರುತ್ತಾರೆ. ಬೆರಳಾಡಿಸಿದರೆ ಅಲೆ ಅಲೆಯಾಗಿ ತಟ್ಟುತ್ತದೆ. ಪ್ಲೈವುಡ್ ತಳ ಸುಮಾರು 1920ರ ಆಚೀಚೆಯಿಂದ ಸಾಮಾನ್ಯವಾಯಿತು. ಪಾರ್ಟಿಕಲ್ ಬೋರ್ಡ್ ಅಥವಾ ಸ್ಟೇಪಲ್ ಪಿನ್ನು ಕಂಡರೆ ಅದು ಎರಡನೇ ಮಹಾಯುದ್ಧದ ನಂತರದ್ದು, ಇಲ್ಲವೇ ನಂತರ ರಿಪೇರಿ ಆದದ್ದು.

ಪಕ್ಕದ ಹಲಗೆಯ ಕೆಳ ಅಂಚು ನೋಡಿ. ನೂರು ವರ್ಷ ಎಳೆದು ತಳ್ಳಿದ ಡ್ರಾಯರಿನ ಅಂಚು ಹಿಂಬದಿಗೆ ಹೆಚ್ಚು ಸವೆದಿರುತ್ತದೆ, ಅದು ಜಾರುವ ಪಟ್ಟಿಯಲ್ಲಿ ಅದಕ್ಕೆ ಹೊಂದುವ ತಗ್ಗು ಬಿದ್ದಿರುತ್ತದೆ. ಅಂಚು ಸವೆದು ಪಟ್ಟಿ ಸವೆಯದಿದ್ದರೆ ಎರಡರಲ್ಲೊಂದು ಬೇರೆಡೆಯಿಂದ ಬಂದದ್ದು.

ಇಲ್ಲಿ ಕನ್ನಡಿಗರ ಕಣ್ಣು ಒಂದು ತಪ್ಪು ಮಾಡುತ್ತದೆ. ತೇಗ, ಬೀಟೆ, ಹಲಸಿನ ಮರ ನೋಡಿ ಬೆಳೆದ ನಮಗೆ ಒಳಗೂ ಹೊರಗೂ ಒಂದೇ ಮರ, ಎತ್ತಿದರೆ ಭಾರ ಇರಬೇಕು ಅನಿಸುತ್ತದೆ. ಅಮೆರಿಕದ ಬಡಗಿ ಕಾಣುವ ಕಡೆ ವಾಲ್‌ನಟ್, ಚೆರಿ, ಮಹೋಗನಿ ಹಾಕಿ, ಡ್ರಾಯರ್‌ನ ಪಕ್ಕ, ತಳ, ಹಿಂಬದಿಗೆ ಅಗ್ಗದ ಬಿಳಿ ಪೈನ್ ಅಥವಾ ಪಾಪ್ಲರ್ ಹಾಕುತ್ತಿದ್ದ. ಅದು ಮೋಸವಲ್ಲ, ಅಲ್ಲಿನ ಪದ್ಧತಿ. ಒಳಗೆ ಹಗುರ ಪೈನ್ ಕಂಡು 'ಕಳಪೆ' ಎಂದು ಬಿಟ್ಟುಬರಬೇಡಿ. ಒಳಗೆ ಓಕ್ ಇದ್ದರೆ ಸಾಮಾನು ಇಂಗ್ಲೆಂಡಿನದೋ ಎಂದು ಯೋಚಿಸಿ.

ಒಳಮೈಯ ಬಣ್ಣವೂ ಮಾತಾಡುತ್ತದೆ. ಪಾಲಿಶ್ ಕಾಣದ ಮರ ಗಾಳಿಗೆ ನಿಧಾನವಾಗಿ ಕಂದು-ಬೂದು ಬಣ್ಣಕ್ಕೆ ತಿರುಗುತ್ತದೆ, ಗಾಳಿ ಹೆಚ್ಚು ತಾಗಿದಲ್ಲಿ ಹೆಚ್ಚು, ಮುಚ್ಚಿದಲ್ಲಿ ಕಡಿಮೆ. ಹಿಂಬದಿ, ತಳ, ಡ್ರಾಯರಿನ ಒಳಗು ಎಲ್ಲ ಒಂದೇ ಬಣ್ಣಕ್ಕಿದ್ದರೆ ಯಾರೋ ಬಣ್ಣದ ನೀರು ಬಳಿದಿದ್ದಾರೆ. ಹಳೆಯ ಬಡಗಿ ಕಾಣದ ಕಡೆ ಪಾಲಿಶ್ ಖರ್ಚು ಮಾಡುತ್ತಿರಲಿಲ್ಲ.

ಮೊಳೆ, ತಿರುಪು, ಗರಗಸದ ಗುರುತು

ಹಿಂಬದಿಯ ಹಲಗೆಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೇರವಾದ, ಅಂತರ ಒಂದೇ ಇಲ್ಲದ ಗೀರುಗಳು ಮೇಲೆ-ಕೆಳಗೆ ಆಡುವ ಗರಗಸದವು. ಬಾಗಿದ, ಕಮಾನಿನಂಥ ಗೀರುಗಳು ವೃತ್ತಾಕಾರದ ಗರಗಸದವು, ಅಂದರೆ 1830ರ ದಶಕದ ಈಚಿನವು. 1780ರ ಸಾಮಾನು ಎಂದು ಹೇಳಿ ಹಿಂಬದಿಯಲ್ಲಿ ಕಮಾನಿನ ಗೀರು ತೋರಿಸಿದರೆ, ಆ ಹಲಗೆಯಾದರೂ ಅಷ್ಟು ಹಳೆಯದಲ್ಲ.

ಕಮ್ಮಾರ ಬಡಿದ ಮೊಳೆಯ ತಲೆ ಗುಲಾಬಿಯಂತೆ ನಾಲ್ಕೈದು ಮುಖಗಳದ್ದು, ಸುಮಾರು 1800ರವರೆಗಿನದು. ತಗಡಿನಿಂದ ಕತ್ತರಿಸಿದ ಚೌಕ ಮೊಳೆ 1790ರಿಂದ 1890ರ ದಶಕದವರೆಗೆ. ದುಂಡು ತಂತಿ ಮೊಳೆ ಅದರ ನಂತರ. ತಿರುಪಿನ ತುದಿ ಚೂಪಾಗಿದ್ದರೆ 1840ರ ದಶಕದ ಕೊನೆಯ ನಂತರದ್ದು. ಅದಕ್ಕೂ ಹಳೆಯದು ಮೊಂಡು ತುದಿಯದು, ತಲೆಯ ಸೀಳು ನಡುವಿಗೆ ಸರಿಯಾಗಿ ಇರುವುದಿಲ್ಲ. ಅಡ್ಡ-ಉದ್ದ ಕೂಡಿದ ಫಿಲಿಪ್ಸ್ ತಲೆ 1930ರ ದಶಕದ್ದು. ಒಂದು ಮೂಲೆಯಲ್ಲಿ ಮಾತ್ರ ಫಿಲಿಪ್ಸ್ ಕಂಡರೆ ರಿಪೇರಿ ಇರಬಹುದು, ಎಲ್ಲ ಕಡೆ ಅದೇ ಇದ್ದರೆ ಸಾಮಾನೇ ಆ ಕಾಲದ್ದು.

ಹಿಡಿಕೆಗಳಿಗೆ ಅಯಸ್ಕಾಂತ ತಾಗಿಸಿ. ಅಂಟಿಕೊಂಡರೆ ಹಿತ್ತಾಳೆ ಲೇಪದ ಉಕ್ಕು. ಡ್ರಾಯರಿನ ಒಳಗೆ ಮುಚ್ಚಿದ ಹಳೆಯ ತೂತುಗಳಿದ್ದರೆ ಹಿಡಿಕೆ ಬದಲಾಗಿದೆ. ಇದು ದೊಡ್ಡ ದೋಷವಲ್ಲ, ಬೆಲೆ ಇಳಿಸಲು ಒಳ್ಳೆಯ ಕಾರಣ.

ದುಂಡು ಮೇಜಿಗೆ ಒಂದು ಅಳತೆಯ ಪರೀಕ್ಷೆಯಿದೆ. ಮರ ತನ್ನ ನಾರಿನ ಎಳೆಯ ಉದ್ದಕ್ಕೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಒಂದೇ ಗಟ್ಟಿ ಮರದ, ಮೂರಡಿ ಅಗಲದ ದುಂಡು ಮೇಜು ಒಂದೂವರೆ ಶತಮಾನದಲ್ಲಿ ಅಡ್ಡಕ್ಕೆ ಕಾಲು ಇಂಚಿನಿಂದ ಅರ್ಧ ಇಂಚು ಕುಗ್ಗಿ ಕಣ್ಣಿಗೆ ಕಾಣದಷ್ಟು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಎಳೆಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಟೇಪು ಹಿಡಿಯಿರಿ. ಎರಡೂ ಒಂದೇ ಬಂದರೆ ಅನುಮಾನಿಸಿ. ತೆಳು ಮರದ ಪದರು ಅಂಟಿಸಿದ ಮೇಜಿಗೆ ಈ ಲೆಕ್ಕ ಅನ್ವಯಿಸದು.

ಸವೆತವೂ ಕಾರಣವಿದ್ದ ಕಡೆಯೇ ಇರಬೇಕು: ಕಾಲು ಇಡುವ ಮುಂದಿನ ಅಡ್ಡಪಟ್ಟಿ, ಕೈ ಊರುವ ತೋಳಿನ ತುದಿ, ಡ್ರಾಯರ್ ತಳ್ಳುವ ಜಾಗ. ಎಲ್ಲ ಅಂಚುಗಳೂ ಸಮನಾಗಿ ಸವೆದಿದ್ದರೆ ಅದು ಉಜ್ಜುಕಾಗದದ ಕೆಲಸ.

ಎರಡು ಸಾಮಾನು ಒಂದಾದಾಗ

ಮೇಲೆ ಗಾಜಿನ ಕಪಾಟು, ಕೆಳಗೆ ಡ್ರಾಯರು ಇರುವ ಎರಡು ಭಾಗದ ಸಾಮಾನುಗಳಲ್ಲಿ ಮೇಲಿನದು ಒಂದು ಮನೆಯದು, ಕೆಳಗಿನದು ಇನ್ನೊಂದು ಮನೆಯದು ಆಗಿರುವುದುಂಟು. ವ್ಯಾಪಾರಿಗಳು ಇದನ್ನು 'ಮ್ಯಾರೇಜ್' ಎನ್ನುತ್ತಾರೆ. ಪತ್ತೆ ಹಚ್ಚುವುದು ಸುಲಭ. ಎರಡರ ಹಿಂಬದಿಯ ಹಲಗೆಯ ಮರ, ಬಣ್ಣ, ಗರಗಸದ ಗುರುತು ಹೋಲಿಸಿ. ಮೇಲಿನ ಮತ್ತು ಕೆಳಗಿನ ಡ್ರಾಯರುಗಳ ಡವ್‌ಟೇಲ್ ಒಂದೇ ಕೈಯದೇ ನೋಡಿ. ಮೇಲಿನ ಭಾಗವನ್ನು ತುಸು ಎತ್ತಿಸಿ, ಅದು ಕೂತಿದ್ದ ಜಾಗಕ್ಕೆ ಟಾರ್ಚ್ ಹಿಡಿಯಿರಿ. ಎಂದೂ ಕಾಣದ ಆ ಜಾಗದಲ್ಲೂ ಮುಂಭಾಗದಂತೆಯೇ ಪಾಲಿಶ್ ಇದ್ದರೆ ಕೆಳಗಿನದು ಮೊದಲು ಒಂಟಿಯಾಗಿತ್ತು. ಬಳಕೆಗೆ ಅಡ್ಡಿಯೇನಿಲ್ಲ, ಜೋಡಿಯ ಬೆಲೆ ಮಾತ್ರ ಕೊಡಬೇಡಿ.

ಹೆಸರು, ಮುದ್ರೆ, ಸಂಖ್ಯೆ

ಚೀಟಿ, ಮುದ್ರೆಗಳು ಮೇಲಿನ ಡ್ರಾಯರಿನ ಒಳಗೆ, ಹಿಂಬದಿಯಲ್ಲಿ, ಮೇಜಿನ ಹೊಟ್ಟೆಯಲ್ಲಿ, ಕುರ್ಚಿಯ ಆಸನದಡಿ ಇರುತ್ತವೆ. ಅಮೆರಿಕದ ಹೆಸರಾಂತ ಪೀಠೋಪಕರಣ ತಯಾರಕ ಗುಸ್ತಾವ್ ಸ್ಟಿಕ್ಲಿಯ ಓಕ್ ಸಾಮಾನಿನಲ್ಲಿ ಬಡಗಿಯ ಕೈವಾರದ ಚಿತ್ರವೂ 'ಆಲ್ಸ್ ಇಕ್ ಕಾನ್' ಎಂಬ ಡಚ್ ನುಡಿಯೂ ಇರುತ್ತದೆ. ಅವನ ಕಂಪನಿ 1915ರಲ್ಲಿ ದಿವಾಳಿಯಾಯಿತು. ಅದೇ ಶೈಲಿಯನ್ನು ಸ್ಟಿಕ್ಲಿ ಹೆಸರಿನ ಕಂಪನಿ 1989ರಿಂದ ಮತ್ತೆ ತಯಾರಿಸುತ್ತಿದೆ. ಹೊಸದೂ ಗಟ್ಟಿಮುಟ್ಟಾದದ್ದೇ, ಆದರೆ ಆಂಟಿಕ್ ಅಲ್ಲ.

ಹೊರದೇಶದಿಂದ ಬಂದ ಸಾಮಾನಿನ ಮೇಲೆ ದೇಶದ ಹೆಸರು ಹಾಕಬೇಕೆಂಬ ನಿಯಮ ಅಮೆರಿಕದಲ್ಲಿ 1891ರಿಂದ ಜಾರಿಗೆ ಬಂತು. ಬಾಗಿಸಿದ ಮರದ ಕುರ್ಚಿಯಡಿ 'ಚೆಕೊಸ್ಲೊವಾಕಿಯಾ' ಎಂದಿದ್ದರೆ ಅದು 1918ಕ್ಕಿಂತ ಹಿಂದಿನದಾಗಲಾರದು, ಏಕೆಂದರೆ ಆ ದೇಶ ಹುಟ್ಟಿದ್ದೇ ಆ ವರ್ಷ.

ಎಸ್ಟೇಟ್ ಸೇಲ್‌ಗಳಲ್ಲಿ ಆಗಾಗ ಕಾಣುವುದು ಲೇನ್ ಕಂಪನಿಯ ಸೀಡರ್ ಪೆಟಾರಿ. ತಳದ ಸಂಖ್ಯೆಯನ್ನು ಹಿಂದುಮುಂದಾಗಿ ಓದಿದರೆ ತಯಾರಾದ ದಿನ ಸಿಗುತ್ತದೆ: 264180 ಎಂದಿದ್ದರೆ 081462, ಅಂದರೆ 1962ರ ಆಗಸ್ಟ್ 14. ಇದಕ್ಕಿಂತ ಮುಖ್ಯವಾದದ್ದು ಬೀಗ. 1912ರಿಂದ 1987ರವರೆಗಿನ ಪೆಟಾರಿಗಳ ಬೀಗ ಮುಚ್ಚಳ ಬಿದ್ದೊಡನೆ ತಾನೇ ಹಾಕಿಕೊಳ್ಳುತ್ತದೆ, ಒಳಗಿನಿಂದ ತೆಗೆಯಲಾಗದು. ಒಳಗೆ ಅಡಗಿ ಆಡಲು ಹೋದ ಮಕ್ಕಳು ಉಸಿರುಗಟ್ಟಿ ಸತ್ತಿದ್ದಾರೆ. 1996ರಲ್ಲಿ ಸುಮಾರು 1.2 ಕೋಟಿ ಪೆಟಾರಿಗಳ ಬೀಗ ಬದಲಿಸುವಂತೆ ಸರ್ಕಾರಿ ಸುರಕ್ಷತಾ ಆಯೋಗ ಪ್ರಕಟಣೆ ಹೊರಡಿಸಿತು. ಹಳೆಯ ಬೀಗ ಇನ್ನೂ ಇದ್ದರೆ ಮನೆಯೊಳಗೆ ತರುವ ಮುನ್ನವೇ ತಿರುಪು ಬಿಚ್ಚಿ ತೆಗೆದುಹಾಕಿ. ಇದನ್ನು ನಾಳೆಗೆ ಬಿಡಬೇಡಿ.

ಬಿಟ್ಟು ಬರಬೇಕಾದವು

ತಿಗಣೆ ಮೊದಲ ಭಯ. ಮಂಚದ ಕೀಲು, ತಿರುಪಿನ ತೂತು, ಮೆತ್ತೆಯ ಹೊಲಿಗೆ, ಡ್ರಾಯರಿನ ಮೂಲೆಗಳಲ್ಲಿ ಶಾಯಿಯ ಚುಕ್ಕಿಯಂಥ ಕಪ್ಪು ಕಲೆ ಕಂಡರೆ ಆ ಸಾಮಾನನ್ನಷ್ಟೇ ಅಲ್ಲ, ಆ ಮನೆಯನ್ನೇ ಬಿಟ್ಟು ಹೊರಡಿ.

ಮರದ ಹುಳುವಿನ ತೂತು ಗುಂಡುಸೂಜಿಯ ತಲೆಯಷ್ಟು. ತೂತಿನ ಒಳಗು ಕಪ್ಪಾಗಿ ಅಂಚು ಮೊಂಡಾಗಿದ್ದರೆ ಹಳೆಯ ಕಥೆ. ಒಳಗು ಬೆಳ್ಳಗಿದ್ದು ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳು ಜೀವಂತವಾಗಿದೆ. ಆದರೂ ಬೇಕೇಬೇಕು ಅನಿಸಿದರೆ ಚಿಕಿತ್ಸೆಯ ಖರ್ಚನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಕಾಲುಗಳ ಬುಡದಲ್ಲಿ ಅಲೆಯ ಗುರುತಿನಂತೆ ಕಲೆ ಇದ್ದರೆ ನೆಲಮಾಳಿಗೆಗೆ ನೀರು ನುಗ್ಗಿತ್ತು. ಬೂಷ್ಟಿನ ವಾಸನೆ ಹೋಗಿಸುವುದು ಕಷ್ಟ, ಸಿಗರೇಟಿನ ವಾಸನೆ ಇನ್ನೂ ಕಷ್ಟ, ಡ್ರಾಯರ್ ತೆರೆದು ಮೂಸಿ ನೋಡಲು ನಾಚಬೇಡಿ. 1978ಕ್ಕೆ ಮುಂಚೆ ಬಣ್ಣ ಬಳಿದ ಸಾಮಾನಿನಲ್ಲಿ ಸೀಸ ಇರಬಹುದು. ತೊಟ್ಟಿಲು, ಮಕ್ಕಳ ಕುರ್ಚಿಗಳನ್ನು ಈ ಕಾರಣಕ್ಕೇ ಬಿಡಿ. ಬಣ್ಣದ ಸಾಮಾನನ್ನು ಒಣದಾಗಿ ಉಜ್ಜಲೇಬೇಡಿ.

ಕುರ್ಚಿಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕೀಲು ಸಡಿಲವಾಗಿದ್ದರೆ ಹೆದರುವುದು ಬೇಡ. ಹಳೆಯ ಅಂಟು ಸರೇಸು, ಪ್ರಾಣಿಗಳ ಚರ್ಮ-ಮೂಳೆ ಬೇಯಿಸಿ ಮಾಡಿದ್ದು. ಬಿಸಿ ನೀರಿಗೆ ಕರಗುತ್ತದೆ, ಬಿಚ್ಚಿ ಶುಚಿ ಮಾಡಿ ಮತ್ತೆ ಕೂರಿಸಬಹುದು. ಕೀಲಿಗೆ ಮೊಳೆ ಹೊಡೆದಿದ್ದರೆ, ಲೋಹದ ಪಟ್ಟಿ ಬಿಗಿದಿದ್ದರೆ ಬಿಡಿ: ಮರ ಸೀಳಿರುತ್ತದೆ. ಮೆತ್ತೆಯ ಸೋಫಾಗಳಲ್ಲಿ ಹೊಸ ಬಟ್ಟೆ ಹೊದಿಸುವ ಖರ್ಚು ಕೊಂಡ ಬೆಲೆಯನ್ನು ಸುಲಭವಾಗಿ ಮೀರುತ್ತದೆ.

ಬೆಲೆ ಮಾತಾಡುವುದು

ಮೊದಲ ದಿನದ ಮೊದಲ ಗಂಟೆಗಳಲ್ಲಿ ಚೌಕಾಶಿ ನಡೆಯದು, ಕೇಳಿದರೆ ಮುಖ ಗಂಟಾಗುತ್ತದೆ. ಮಧ್ಯಾಹ್ನದ ನಂತರ, ಅದೂ ಸಿಬ್ಬಂದಿಯನ್ನಲ್ಲ, ಸೇಲ್ ನಡೆಸುವ ಮುಖ್ಯಸ್ಥರನ್ನು ಕೇಳಿ. ಕಂಡ ದೋಷವನ್ನು ತೋರಿಸಿ, ಒಂದು ಖಚಿತ ಅಂಕಿ ಹೇಳಿ. 'ಎಷ್ಟಕ್ಕೆ ಕೊಡ್ತೀರಿ' ಎಂಬ ನಮ್ಮ ಮಾರುಕಟ್ಟೆಯ ಶೈಲಿ ಅಲ್ಲಿ ಕೆಲಸ ಮಾಡುವುದು ಕಡಿಮೆ. ಎರಡು ಮೂರು ಸಾಮಾನು ಸೇರಿಸಿ ಒಟ್ಟು ಬೆಲೆ ಕೇಳಿದರೆ ಹೆಚ್ಚು ಇಳಿಸುತ್ತಾರೆ. ಕೆಲವರು ಚೀಟಿಯಲ್ಲಿ ನಿಮ್ಮ ಬೆಲೆ, ಫೋನ್ ಸಂಖ್ಯೆ ಬರೆದು ಪೆಟ್ಟಿಗೆಯಲ್ಲಿ ಹಾಕಲು ಬಿಡುತ್ತಾರೆ. ಸಾಮಾನು ಉಳಿದರೆ ಕೊನೆಯ ದಿನ ಕರೆ ಬರುತ್ತದೆ. ಭಾರದ ಬೀರುವಿಗೆ ಇದು ಒಳ್ಳೆಯ ದಾರಿ. ಹಣ ಕೊಟ್ಟ ಮೇಲೆ ರಸೀದಿಯಲ್ಲಿ ಸಾಮಾನಿನ ವಿವರ ಬರೆಸಿಕೊಳ್ಳಿ, ಎಷ್ಟು ಗಂಟೆಯೊಳಗೆ ಒಯ್ಯಬೇಕು ಎಂದು ಕೇಳಿ. ಹೊತ್ತು ಮೀರಿದರೆ ಹಣವೂ ಹೋಗಿ ಸಾಮಾನೂ ಹೋದೀತು. ಹೊರಲು ಅವರ ಸಿಬ್ಬಂದಿ ಬರುವುದಿಲ್ಲ.

ಹೊರುವುದು, ಸಾಗಿಸುವುದು

ಡ್ರಾಯರುಗಳನ್ನು ತೆಗೆದು, ಯಾವುದು ಎಲ್ಲಿಯದೆಂದು ಹಿಂಬದಿಗೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆಯಿರಿ. ಕೈಯಿಂದ ಮಾಡಿದವು ಅದಲುಬದಲಾದರೆ ಕೂರುವುದಿಲ್ಲ. ಮೇಜನ್ನು ಮೇಲಿನ ಹಲಗೆ ಹಿಡಿದು ಎತ್ತಬೇಡಿ, ಅದರ ಕೆಳಗಿನ ಚೌಕಟ್ಟು ಹಿಡಿಯಿರಿ. ಕುರ್ಚಿಯನ್ನು ತೋಳು ಹಿಡಿದಲ್ಲ, ಆಸನ ಹಿಡಿದು ಎತ್ತಿ. ಎಳೆಯಲೇಬೇಡಿ, ಕಾಲು ಮುರಿಯುವುದು ಹಾಗೆಯೇ. ಅಮೃತಶಿಲೆಯ ಹಲಗೆಯನ್ನು ಬೇರ್ಪಡಿಸಿ, ಗಾಜಿನಂತೆ ನಿಲ್ಲಿಸಿಯೇ ಒಯ್ಯಿರಿ. ಮಲಗಿಸಿದರೆ ತನ್ನ ಭಾರಕ್ಕೇ ಸೀಳುತ್ತದೆ. ಪಾಲಿಶ್ ಮೇಲೆ ನೇರವಾಗಿ ಟೇಪು ಅಂಟಿಸಬೇಡಿ, ಕಂಬಳಿ ಸುತ್ತಿ ಅದರ ಮೇಲೆ ಅಂಟಿಸಿ.

ಮನೆಗೆ ಬಂದ ಮೇಲೆ

ಒಂದು ದಿನ ಗ್ಯಾರೇಜಿನಲ್ಲೇ ಇಟ್ಟು ಮತ್ತೊಮ್ಮೆ ಹುಳು-ತಿಗಣೆ ನೋಡಿ. ಒಣ ಬ್ರಷ್‌ನಿಂದ ಧೂಳು ತೆಗೆದು, ಹಿಂಡಿದ ಬಟ್ಟೆಯಲ್ಲಿ ಒರೆಸಿ ಆ ಕೂಡಲೇ ಒಣಗಿಸಿ.

ಯಾವ ಪಾಲಿಶ್ ಎಂದು ತಿಳಿಯದೆ ಏನನ್ನೂ ಬಳಿಯಬೇಡಿ. ಕಾಣದ ಮೂಲೆಯಲ್ಲಿ ಹತ್ತಿಗೆ ಒಂದು ಹನಿ ಸ್ಪಿರಿಟ್ ಹಾಕಿ ಒತ್ತಿ. ಮೇಲ್ಮೈ ಅಂಟಂಟಾದರೆ ಅದು ಶೆಲಾಕ್, ಅಂದರೆ ಅರಗು. ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಅದೇ ಅರಗಿನ ಸೋಸಿದ ರೂಪ. 19ನೇ ಶತಮಾನದ ಪಾಶ್ಚಾತ್ಯ ಮರಗೆಲಸಕ್ಕೆ ಅದು ಹೋಗುತ್ತಿದ್ದದ್ದು ಬಹುಪಾಲು ಭಾರತದಿಂದಲೇ. ಅತಿನೇರಳೆ ಟಾರ್ಚ್ ಹಿಡಿದರೆ ಅರಗು ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ಸ್ಪಿರಿಟ್ಟಿಗೆ ಜಗ್ಗದೆ ಲ್ಯಾಕರ್ ಥಿನ್ನರ್‌ಗೆ ಕರಗಿದರೆ ಲ್ಯಾಕರ್, 1920ರ ದಶಕದಿಂದ ಈಚಿನದು. ಎರಡಕ್ಕೂ ಜಗ್ಗದಿದ್ದರೆ ಬಹುಶಃ ಪಾಲಿಯುರಿಥೇನ್, ಆಮೇಲೆ ಯಾರೋ ಬಳಿದದ್ದು. ಮೂಲ ಪಾಲಿಶ್ ಕೆರೆದು ತೆಗೆಯುವುದು ಹೊಸಬರು ಮಾಡುವ ಅತಿ ದುಬಾರಿ ತಪ್ಪು. ಅದರೊಂದಿಗೆ ಬೆಲೆಯೂ ಹೋಗುತ್ತದೆ, ಒಂದು ಶತಮಾನ ಕೂಡಿಬಂದ ಬಣ್ಣವೂ ಹೋಗುತ್ತದೆ. ತೆಳ್ಳಗೆ ಪೇಸ್ಟ್ ವ್ಯಾಕ್ಸ್ ಹಚ್ಚಿ ಉಜ್ಜಿದರೆ ಹೆಚ್ಚಿನವಕ್ಕೆ ಅಷ್ಟೇ ಸಾಕು. ಸಿಲಿಕೋನ್ ಇರುವ ಸ್ಪ್ರೇ ಬೇಡ. ಬಿಗಿಯಾದ ಡ್ರಾಯರಿನ ಅಂಚಿಗೆ ಮೇಣದಬತ್ತಿ ಉಜ್ಜಿ.

ಚಳಿಗಾಲದಲ್ಲಿ ಹೀಟರ್ ಗಾಳಿ ಮನೆಯ ತೇವವನ್ನು ಹೀರುತ್ತದೆ, ಹಲಗೆ ಸೀಳುವುದು ಆಗಲೇ. ಬಿಸಿಗಾಳಿಯ ಕಿಂಡಿಯಿಂದ ದೂರ ಇಡಿ, ತೇವಾಂಶ ಶೇ. 40ರ ಆಸುಪಾಸು ಇರುವಂತೆ ನೋಡಿಕೊಳ್ಳಿ. ಮಕ್ಕಳಿರುವ ಮನೆಯಲ್ಲಿ ಎತ್ತರದ ಡ್ರೆಸರನ್ನು ಗೋಡೆಯೊಳಗಿನ ಮರದ ಕಂಬಕ್ಕೆ ಪಟ್ಟಿಯಿಂದ ಬಿಗಿಯಲೇಬೇಕು. ಆ ಕಂಬಗಳು ಸಾಮಾನ್ಯವಾಗಿ 16 ಇಂಚಿಗೊಂದು.

ಮುಂದೆ ಊರಿಗೆ ಸಾಗಿಸುವ ಯೋಚನೆಯಿದ್ದರೆ ಕೊಳ್ಳುವಾಗಲೇ ಮರ ಯಾವುದೆಂದು ನೋಡಿ. 1950–60ರ ದಶಕದ ಡ್ಯಾನಿಶ್ ಸಾಮಾನಿನಲ್ಲಿ ಬಳಸಿದ ಬ್ರೆಜಿಲ್ ಬೀಟೆ 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ನಮ್ಮ ಬೀಟೆಯೂ ಸೇರಿದಂತೆ ಉಳಿದ ಡಾಲ್ಬರ್ಜಿಯಾ ಕುಲದ ಮರಗಳು 2017ರಿಂದ ಎರಡನೆಯದರಲ್ಲಿವೆ. ಕಾಗದಪತ್ರವಿಲ್ಲದೆ ಗಡಿಯಲ್ಲಿ ಸಿಕ್ಕಿಬಿದ್ದರೆ ಸಾಮಾನು ಕೈಬಿಟ್ಟು ಹೋಗಬಹುದು. ಓಕ್, ವಾಲ್‌ನಟ್‌ಗೆ ಈ ತೊಡಕಿಲ್ಲ. ಆದರೆ ಒಣ ಹವೆಯ ಕೊಲರಾಡೊದಲ್ಲಿ ಸರಾಗವಾಗಿ ಜಾರುವ ಡ್ರಾಯರು ಮಂಗಳೂರಿನ ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಆಗ ಅವಸರಪಟ್ಟು ಅಂಚು ಕೆತ್ತಿಸಬೇಡಿ, ಬೇಸಿಗೆ ಬರುವವರೆಗೆ ಕಾಯಿರಿ.